ಹುತ್ತರಿ ವಾಲಗ ರಿಂಗ್‌ಟೋನ್ ಆಗುತ್ತಾ?

ಪ್ರಶ್ನೆ: ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ದಿನ ನಮ್ಮ ಅಂಗಳದಲ್ಲಿ ನುಡಿಸಿದ ವಾಲಗವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದ್ದೇನೆ ಸಾರ್, 11 ನಿಮಿಷ ಇದೆ. ಕಂಪ್ಯೂಟರಿನಲ್ಲಿ ಒಂದು ತುಂಡು ಕತ್ತರಿಸಿ ರಿಂಗ್‌ಟೋನ್ ಮಾಡ್ಬಹುದಾ? ಸಾಫ್ಟ್‌ವೇರ್‌ಗೆ ದುಡ್ಡು ಕೊಡಬೇಕಾ?
– ಓದುಗರು, ವಿರಾಜಪೇಟೆ

ಉತ್ತರ: ಒಂದು ಪೈಸೆನೂ ಬೇಡ. ಅಡಾಸಿಟಿ ಅನ್ನೋ ಸಾಫ್ಟ್‌ವೇರ್ ಉಚಿತ. ಫೈಲನ್ನು ಅದರೊಳಗೆ ಎಳೆದು ಬಿಡಿ, ಅಲೆಅಲೆಯಾಗಿ ಧ್ವನಿಯ ಚಿತ್ರ ಕಾಣುತ್ತದೆ. ನಿಮ್ಮ ರೆಕಾರ್ಡಿಂಗ್ ಎಂ4ಎ ಬಗೆಯ ಧ್ವನಿ ಫೈಲಾಗಿದ್ದು ವಿಂಡೋಸ್‌ನಲ್ಲಿ ತೆರೆಯದಿದ್ರೆ ಗಾಬರಿ ಬೇಡ, ಎಫ್‌ಎಫ್‌ಎಂಪೆಗ್ ಅನ್ನೋ ಉಚಿತ ಸಹಾಯಕ ಸಾಫ್ಟ್‌ವೇರನ್ನೂ ಹಾಕಿಕೊಂಡರೆ ಸರಿಹೋಗುತ್ತದೆ.

ಈಗ ತುಂಡು ಆರಿಸೋದು. ಇಲ್ಲೇ ಎಲ್ಲರೂ ಎಡವುತ್ತಾರೆ. ವಾಲಗ ನಿಧಾನಕ್ಕೆ ಏರುವ ಜಾಗ ಕೇಳೋಕೆ ಚಂದ, ಆದರೆ ಅದು ಏರುವಷ್ಟರಲ್ಲಿ ಕರೆಯೇ ಕಟ್ ಆಗಿರುತ್ತದೆ, ಅದಕ್ಕೇ ಮೊದಲ ಸೆಕೆಂಡಿನಲ್ಲೇ ಜೋರಾಗಿರುವ ಜಾಗ ಹಿಡಿಯಿರಿ. ಡೋಲಿನ ದಪ್ಪ ಸದ್ದು ಫೋನಿನ ಪುಟ್ಟ ಸ್ಪೀಕರಿನಲ್ಲಿ ಅರ್ಧಕ್ಕರ್ಧ ಮಾಯ. ಮಳೆಗಾಲದಲ್ಲಿ ತೋಟದಲ್ಲಿದ್ದಾಗ ಕೇಳಿಸಬೇಕು ಅಂದ್ರೆ ಕೊಂಬು, ಓಲಗ ಅನ್ನೋ ಊದುವ ವಾದ್ಯಗಳ ಕೀರಲು ಸ್ವರವೇ ಗತಿ. (ನೆಟ್‌ವರ್ಕ್ ಇದ್ರೆ ತಾನೇ, ಅಲ್ವಾ!)

25 ಸೆಕೆಂಡು ಸಾಕು. ಕೊನೆಯ 2 ಸೆಕೆಂಡು ಸೆಲೆಕ್ಟ್ ಮಾಡಿ ಎಫೆಕ್ಟ್ ಮೆನುವಿನಲ್ಲಿ ಫೇಡ್ ಔಟ್ ಒತ್ತಿ, ಇಲ್ಲದಿದ್ರೆ ಕತ್ತಿಯಲ್ಲಿ ಕಡಿದ ಹಾಗೆ ನಿಲ್ಲುತ್ತದೆ. ಆಮೇಲೆ ಆ ತುಂಡನ್ನಷ್ಟೇ ಎಂಪಿ3 ಆಗಿ ಎಕ್ಸ್‌ಪೋರ್ಟ್ ಮಾಡಿ, ಯುಎಸ್‌ಬಿ ಕೇಬಲ್ ಹಾಕಿ ಆಂಡ್ರಾಯ್ಡ್ ಫೋನಿನ ರಿಂಗ್‌ಟೋನ್ಸ್ ಫೋಲ್ಡರಿಗೆ ಹಾಕಿದರೆ ಸೆಟ್ಟಿಂಗ್ಸ್‌ನ ಪಟ್ಟಿಯಲ್ಲಿ ಬರುತ್ತದೆ. ಐಫೋನಿಗೆ ಹೀಗೆ ನಡೆಯಲ್ಲ, ಅದರಲ್ಲಿ ಐಒಎಸ್ 26ಕ್ಕಿಂತ ಹಳೆಯ ಸಾಫ್ಟ್‌ವೇರ್ ಇದ್ರೆ ಎಂ4ಆರ್ ಅನ್ನೋ ಬೇರೆ ಬಗೆಯ ರಿಂಗ್‌ಟೋನ್ ಫೈಲೇ ಬೇಕು.