ಓಟದ ಕಟ್ಟೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಯಾವ ವಾಚ್ ತಗೊಳ್ಳಲಿ ಅನ್ನೋವನ್ನ ಪಕ್ಕಕ್ಕಿಟ್ರೆ ಉಳಿದಿದ್ದೆಲ್ಲ ಸುತ್ತಿ ಬಳಸಿ ಒಂದೇ ಕಡೆ ಬರ್ತವೆ, ಇಷ್ಟು ಕಷ್ಟಪಡ್ತಿದೀನಿ ಆದ್ರೆ ಯಾರಿಗೂ ಕಾಣ್ತಿಲ್ಲ ಅಂತ. ಕೆಲವರಿಗಂತೂ ಅವರ ಕಷ್ಟ ಅವರಿಗೇ ಕಾಣ್ತಿಲ್ಲ. ಅಂಥವನ್ನೇ ಆರಿಸ್ಕೊಂಡು ಸ್ವಲ್ಪ ಉದ್ದಕ್ಕೆ ಬರ್ದಿದೀನಿ.

ಪ್ರಶ್ನೆ: ಸರ್, ನಂಗೆ 26 ವರ್ಷ. ಆರು ತಿಂಗಳಿಂದ ದಿನಾ ಬೆಳಿಗ್ಗೆ 5 ಕಿಲೋಮೀಟರ್ ಓಡ್ತಿದೀನಿ, ಪ್ರತಿದಿನ ಹಿಂದಿನ ದಿನದ ಟೈಮ್ ಮುರೀಲೇಬೇಕು ಅಂತ ಜೀವ ಬಿಟ್ಟು ಓಡ್ತೀನಿ. ಮೊದಮೊದಲು ಟೈಮ್ ಚೆನ್ನಾಗಿ ಇಳೀತು, ಈಗ 28 ನಿಮಿಷಕ್ಕೆ ಬಂದು ನಿಂತ್ಬಿಟ್ಟಿದೆ. ಮೊಣಕಾಲ ಕೆಳಗೆ ಮುಂದಿನ ಮೂಳೆ ಹತ್ರ ನೋವು ಬೇರೆ ಶುರುವಾಗಿದೆ. ನನ್ನಲ್ಲಿ ಹಠ ಕಮ್ಮಿ ಇದೆಯಾ?
– ಓದುಗ, ದಾವಣಗೆರೆ

ಉತ್ತರ: ಹಠ ಕಮ್ಮಿ ಅಲ್ಲ ಸ್ವಾಮಿ, ಜಾಸ್ತಿ ಆಗಿದೆ. ದಿನಾ ಬೆಳಿಗ್ಗೆ ಎದ್ದು ಪರೀಕ್ಷೆ ಬರೀತಿದೀರಿ, ಓದೋದು ಯಾವಾಗ?

ದೂರದ ಓಟಕ್ಕೆ ಬೇಕಾದ ರಿಪೇರಿಗಳೆಲ್ಲ ಮುಕ್ಕಾಲುಪಾಲು ನಡೆಯೋದು ನಿಧಾನಕ್ಕೆ ಓಡಿದಾಗ. ಪಕ್ಕದವರ ಜೊತೆ ಮಾತಾಡ್ಕೊಂಡು, ಏದುಸಿರು ಬಿಡದೆ ಓಡೋ ಓಟ ಇದ್ಯಲ್ಲ, ಅದನ್ನ ತಿಂಗಳುಗಟ್ಟಲೆ ಮಾಡಿದ್ರೆ ಹೃದಯ ಒಂದೊಂದು ಬಡಿತಕ್ಕೂ ಮೊದಲಿಗಿಂತ ಹೆಚ್ಚು ರಕ್ತ ತಳ್ಳತ್ತೆ, ಸ್ನಾಯುಗಳ ಒಳಗೆ ಹೊಸದಾಗಿ ಸಣ್ಣ ಸಣ್ಣ ರಕ್ತನಾಳ ಹುಟ್ಕೋತವೆ, ಜೀವಕೋಶದಲ್ಲಿ ಶಕ್ತಿ ತಯಾರಿಸೋ ಮೈಟೋಕಾಂಡ್ರಿಯಾ ಹೆಚ್ಚಾಗ್ತವೆ, ಕೊಬ್ಬು ಉರಿಸ್ಕೊಂಡು ಓಡೋದು ದೇಹಕ್ಕೆ ರೂಢಿ ಆಗತ್ತೆ. ಇದ್ಯಾವ್ದಕ್ಕೂ ಸದ್ದಿಲ್ಲ, ಫೋಟೋ ಬರಲ್ಲ. ಇನ್ನೊಂದು ವಿಷಯ, ಉಸಿರು ಮತ್ತೆ ಹೃದಯ ಕೆಲವೇ ವಾರದಲ್ಲಿ ಸುಧಾರಿಸ್ಬಿಡತ್ತೆ, ಆದ್ರೆ ಮೂಳೆ ಮತ್ತೆ ಸ್ನಾಯುನ ಮೂಳೆಗೆ ಕಟ್ಟಿರೋ ಸ್ನಾಯುರಜ್ಜು ಗಟ್ಟಿಯಾಗೋಕೆ ತಿಂಗಳುಗಳು ಬೇಕು, ಅಂದ್ರೆ ಎದೆ ಓಡೋಣ ಅನ್ನತ್ತೆ, ಕಾಲು ತಡ್ಕೋ ಅನ್ನತ್ತೆ, ನೀವು ಎದೆ ಮಾತು ಕೇಳಿದೀರಿ. ನೋವು ಬಂದಿದ್ದು ಅಲ್ಲಿಂದ.

ಕೀನ್ಯಾದ ಎಲಿಯುಡ್ ಕಿಪ್ಚೋಗೆ ಗೊತ್ತಲ್ಲ, 2022ರಲ್ಲಿ ಬರ್ಲಿನ್‌ನಲ್ಲಿ 2 ಗಂಟೆ 1 ನಿಮಿಷ 9 ಸೆಕೆಂಡಿಗೆ ಮ್ಯಾರಥಾನ್ ಮುಗಿಸಿದವ್ರು. ಅವ್ರು ತಯಾರಿ ನಡೆಸಿದ್ದು ಕಪ್ಟಗಟ್ ಅನ್ನೋ ಎತ್ತರದ ಜಾಗದ ಕ್ಯಾಂಪಲ್ಲಿ. ಅಲ್ಲಿ ಈಸಿ ರನ್ ಶುರು ಆಗೋವಾಗ ಆ ಗುಂಪಿನ ಜೊತೆ ನಮ್ಮ ಪಾರ್ಕಿನ ಅಂಕಲ್‌ಗಳೂ ಒಂದಷ್ಟು ದೂರ ಹೋಗ್ಬಹುದು, ಅಷ್ಟು ನಿಧಾನ. ಆಗ ಲೋಕದಲ್ಲೇ ಫಾಸ್ಟ್ ಆಗಿದ್ದ ಮನುಷ್ಯನಿಗೆ ನಿಧಾನಕ್ಕೆ ಓಡೋಕೆ ನಾಚ್ಕೆ ಇರ್ಲಿಲ್ಲ, ನಮ್ಗೆ ಆ್ಯಪಲ್ಲಿ ಫ್ರೆಂಡ್ಸ್ ಪೇಸ್ ನೋಡ್ಬಿಡ್ತಾರೆ ಅಂತ ಭಯ. ಅದೇ ಕ್ಯಾಂಪಲ್ಲಿ ಕಸ ಗುಡಿಸೋದು, ಟಾಯ್ಲೆಟ್ ತೊಳೆಯೋದು ಎಲ್ಲ ಸರದಿ ಮೇಲೆ, ಕಿಪ್ಚೋಗೆಗೂ ವಿನಾಯ್ತಿ ಇರ್ಲಿಲ್ಲ.

ಈಗ ನಿಮ್ಮ ಕೆಲಸ. ನೋವು ಹೋಗೋವರೆಗೂ ಓಟ ನಿಲ್ಸಿ, ನಡೀರಿ, ಸೈಕಲ್ ಹೊಡೀರಿ. ಮೂಳೆ ಮೇಲೆ ಒಂದೇ ಜಾಗದಲ್ಲಿ ಬೆರಳಿಟ್ಟು ಒತ್ತಿದ್ರೆ ಚುರುಕ್ ಅಂದ್ರೆ, ಇಲ್ಲಾ ನಡೆಯುವಾಗ್ಲೂ ನೋವು ಇದ್ರೆ ಮೂಳೆ ಡಾಕ್ಟರ್ ಹತ್ರ ಹೋಗಿ, ಸಣ್ಣ ಬಿರುಕು ಬಿಟ್ಟಿರ್ಬಹುದು. ಆಮೇಲೆ ವಾರಕ್ಕೆ ನಾಲ್ಕು ದಿನ ಓಡಿ ಸಾಕು, ಮೂರು ದಿನ ನಿಧಾನಕ್ಕೆ, ಒಂದೇ ದಿನ ಜೋರಾಗಿ. ವಾಚ್ ಬೇಕಾದ್ರೆ ಮನೇಲಿ ಬಿಟ್ಟು ಹೋಗಿ.

ಪ್ರಶ್ನೆ: ನಮಸ್ಕಾರ್ರೀ. ನಾ ಶಾಲಿ ಟೀಚರ್ ಅದೇನಿ, ವಯಸ್ಸು 41. ಮುಂಜಾನೆ ನಾಕಕ್ಕ ಎದ್ದು ಎಲ್ಲಾರ ಡಬ್ಬಿ ಮಾಡಿಟ್ಟು ಆಮ್ಯಾಲೆ ಓಡ್ಲಿಕ್ಕೆ ಹೋಗ್ತೇನಿ. ಓಣ್ಯಾಗಿನ ಮಂದಿ ಈ ವಯಸ್ಸಿನ್ಯಾಗ ಇಕಿಗೇನ್ ಬಂತು ಅಂತ ನಗ್ತಾರ. ಮನ್ಯಾಗ ಯಾರೂ ಬ್ಯಾಡ ಅನ್ನೂದಿಲ್ಲ, ಆದ್ರ ಬರೂದು ಹತ್ತು ನಿಮಿಷ ತಡ ಆತಂದ್ರ ಅವರ ಮುಖ ನೋಡೂಹಂಗಿಲ್ಲ. ಇತ್ತೀಚಿಗೆ ಭಾಳ ದಣಿವು, ಮೆಟ್ಟಲಾ ಹತ್ತಿದ್ರ ತೇಕು ಬರ್ತದ. ಬಿಟ್ಟುಬಿಡ್ಲೇನ್ರೀ?
– ಓದುಗರು, ಧಾರವಾಡ

ಉತ್ತರ: ಮೊದ್ಲು ದಣಿವಿನ ವಿಷಯ, ಉಳಿದಿದ್ದೆಲ್ಲ ಆಮೇಲೆ. ಓಡೋ ಅಭ್ಯಾಸ ಇರೋರಿಗೆ ಮೆಟ್ಟಿಲು ಹತ್ತಿದ್ರೆ ತೇಕು ಬರ್ತಿದೆ ಅಂದ್ರೆ ಅದನ್ನ ಹಾಗೇ ಬಿಡೋ ಹಾಗಿಲ್ಲ, ಈ ವಾರವೇ ಡಾಕ್ಟರಿಗೆ ತೋರ್ಸಿ, ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ದೇಹದಲ್ಲಿ ಕಬ್ಬಿಣ ಎಷ್ಟು ಕೂಡಿಟ್ಟಿದೆ ಅಂತ ತೋರ್ಸೋದು), ಥೈರಾಯ್ಡ್ ಟೆಸ್ಟೂ ಮಾಡಿಸ್ಬೇಕಾ ಅಂತ ಕೇಳಿ. ಮುಟ್ಟಿನ ರಕ್ತ ಹೋಗೋದ್ರ ಜೊತೆ ಓಟಾನೂ ಸೇರಿದ್ರೆ ದೇಹದಲ್ಲಿ ಕೂಡಿಟ್ಟ ಕಬ್ಬಿಣ ಖಾಲಿ ಆಗ್ತಾ ಬರತ್ತೆ, ಎಷ್ಟೋ ಸಲ ಹಿಮೋಗ್ಲೋಬಿನ್ ಸರಿ ಇದೆ ಅಂತ ರಿಪೋರ್ಟ್ ಬಂದ್ರೂ ಫೆರಿಟಿನ್ ತಳ ಹಿಡಿದಿರತ್ತೆ. ಮಾತ್ರೆ ನಿಮ್ಮಷ್ಟಕ್ಕೆ ನೀವೇ ಶುರು ಮಾಡ್ಬೇಡಿ. ಊಟ ಆದ ತಕ್ಷಣ ಚಹಾ ಕುಡಿಯೋ ಅಭ್ಯಾಸ ಇದ್ರೆ ಬಿಡಿ, ತಿಂದ ಕಬ್ಬಿಣ ಮೈಗೆ ಹತ್ತೋಕೆ ಅದು ಬಿಡಲ್ಲ, ಪಲ್ಯಕ್ಕೆ ನಿಂಬೆಹಣ್ಣು ಹಿಂಡ್ಕೊಳ್ಳಿ.

ಆಮೇಲೆ ನಿದ್ದೆ. ನಾಕಕ್ಕೆ ಏಳ್ತೀರಿ ಅಂದ್ರಿ, ಎಷ್ಟಕ್ಕೆ ಮಲಗ್ತೀರಿ ಅಂತ ಬರ್ದಿಲ್ಲ, ಪಾತ್ರೆ ತೊಳೆದು, ನಾಳೆಯ ಪಲ್ಯ ಹೆಚ್ಚಿಟ್ಟು ಮಲಗೋದು ಹನ್ನೊಂದು ಅಂತಿಟ್ಕೊಂಡ್ರೆ ಐದು ಗಂಟೆ ಆಯ್ತು. ಓಡಿ ಸವೆಸಿದ್ದನ್ನ ದೇಹ ಮತ್ತೆ ಕಟ್ಟೋದು ನಿದ್ದೇಲಿ, ಐದು ಗಂಟೇಲಿ ಅದು ಆಗೋ ಕೆಲಸ ಅಲ್ಲ. ಇಲ್ಲೊಂದು ಮಾತು ಹೇಳ್ಲೇಬೇಕು, ಬೇಜಾರಾಗೋರು ಆಗ್ಲಿ. ಬೆಳಿಗ್ಗೆ ಐದಕ್ಕೆ ಶೂ ಕಟ್ಕೊಂಡು ಶಿಸ್ತು ಶಿಸ್ತು ಅಂತ ಫೋಟೋ ಹಾಕೋ ನಮ್ಮ ಗಂಡಸರಲ್ಲಿ ಎಷ್ಟೋ ಜನ ವಾಪಸ್ ಬಂದಾಗ ಬಿಸಿ ಉಪ್ಪಿಟ್ಟು ರೆಡಿ ಇರತ್ತೆ, ಮಕ್ಕಳಿಗೆ ಯೂನಿಫಾರ್ಮ್ ಹಾಕಿ ಆಗಿರತ್ತೆ, ಅವರ ಶಿಸ್ತು ನಿಂತಿರೋದು ಇನ್ಯಾರದೋ ಕೆಲಸದ ಮೇಲೆ. ನೀವು ಆ ಕೆಲಸಾನೂ ಮುಗಿಸಿ ಆಮೇಲೆ ಓಡ್ತಿದೀರಿ. ನಿಮ್ಮ ಆ್ಯಪು ಆರು ಕಿಲೋಮೀಟರ್ ತೋರಿಸ್ಬಹುದು, ನಾನು ಅದಕ್ಕಿಂತ ಜಾಸ್ತಿ ಲೆಕ್ಕ ಹಾಕ್ತೀನಿ.

ಓಣಿ ಮಂದಿ ನಗ್ತಾರೆ ಅಂದ್ರಿ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಲ್ಲಿ ಹೆಂಗಸರು 800 ಮೀಟರ್ ಓಡಿ ಸುಸ್ತಾದ್ರು ಅನ್ನೋದನ್ನೇ ದೊಡ್ಡ ಸುದ್ದಿ ಮಾಡಿ, 1960ರವರೆಗೆ ಒಲಿಂಪಿಕ್ಸಲ್ಲಿ ಅವರಿಗೆ 200 ಮೀಟರಿಗಿಂತ ಉದ್ದದ ಓಟಾನೇ ಇಡ್ಲಿಲ್ಲ. 1967ರಲ್ಲಿ ಕ್ಯಾಥರೀನ್ ಸ್ವಿಟ್ಜರ್ ಬಾಸ್ಟನ್ ಮ್ಯಾರಥಾನ್‌ನಲ್ಲಿ 261ನೇ ನಂಬರ್ ಹಾಕ್ಕೊಂಡು ಓಡ್ತಿದ್ರೆ ರೇಸ್ ನಡೆಸೋ ಯಜಮಾನರೊಬ್ರು ರಸ್ತೆಗಿಳಿದು ಅವರನ್ನ ಹಿಡಿದೆಳೆಯೋಕೆ ನೋಡಿದ್ರು, ಅವ್ರು ಓಡಿ ಮುಗಿಸಿದ್ರು. ಹೆಂಗಸರ ಮ್ಯಾರಥಾನ್ ಒಲಿಂಪಿಕ್ಸಿಗೆ ಬಂದಿದ್ದು 1984ರಲ್ಲಿ, ಅಂದ್ರೆ ಹೆಚ್ಚುಕಮ್ಮಿ ನೀವು ಹುಟ್ಟಿದಾಗ. ಇಡೀ ಒಲಿಂಪಿಕ್ಸಿಗೇ ಅಷ್ಟು ತಡವಾಗಿ ಬುದ್ಧಿ ಬಂತು ಅಂದ್ಮೇಲೆ ಓಣಿಗೆ ಇನ್ನೊಂದಿಷ್ಟು ಟೈಮ್ ಕೊಡಿ.

ಬಿಡ್ಬೇಡಿ, ಕಮ್ಮಿ ಮಾಡಿ. ರಿಪೋರ್ಟ್ ಬರೋವರೆಗೂ ನಡಿಗೆ ಸಾಕು. ಆಮೇಲೆ ವಾರದಲ್ಲಿ ಎರಡು ದಿನ ಡಬ್ಬಿ ಕೆಲಸ ಮನೆಯವ್ರದ್ದು ಅಂತ ಹೇಳ್ಬಿಡಿ. ಕೇಳ್ಬೇಡಿ, ಹೇಳಿ. ಆ ಎರಡು ದಿನ ಅವಲಕ್ಕಿ ಕಟ್ಕೊಂಡು ಹೋದ್ರೆ ಯಾರಿಗೂ ಏನೂ ಆಗಲ್ಲ.

ಪ್ರಶ್ನೆ: ಮೊದಲನೇ ಫುಲ್ ಮ್ಯಾರಥಾನ್ ಓಡ್ದೆ. 30 ಕಿಲೋಮೀಟರ್‌ವರೆಗೂ ಸೂಪರ್, ಅಂದುಕೊಂಡಿದ್ದಕ್ಕಿಂತ ಫಾಸ್ಟ್ ಆಗೇ ಇದ್ದೆ. 32ಕ್ಕೆ ಬಂದಾಗ ಕಾಲೇ ಇಲ್ಲ, ರಸ್ತೆ ಪಕ್ಕ ಕೂತು ಚಿಕ್ಕ ಮಗು ಥರ ಅತ್ತೆ. ಉಳಿದಿದ್ದನ್ನ ನಡ್ಕೊಂಡೇ ಮುಗಿಸ್ದೆ. ಮೆಡಲ್‌ನ ಬೀರು ಒಳಗೆ ಬಟ್ಟೆ ಅಡಿಗೆ ಇಟ್ಟಿದೀನಿ, ಆಫೀಸಲ್ಲಿ ತೋರ್ಸೋಕೂ ಮುಜುಗರ.
– ಓದುಗ, ಬೆಂಗಳೂರು

ಉತ್ತರ: ಲೆಕ್ಕ ಹೇಳ್ತೀನಿ ಕೇಳಿ. ಒಂದು ಕಿಲೋಮೀಟರ್ ಓಡೋಕೆ ನಮ್ಮ ತೂಕದ ಒಂದೊಂದು ಕೆಜಿಗೆ ಸುಮಾರು ಒಂದು ಕಿಲೋ ಕ್ಯಾಲರಿ ಖರ್ಚು. ನೀವು 70 ಕೆಜಿ ಅಂತಿಟ್ಕೊಳ್ಳಿ, 42.195 ಕಿಲೋಮೀಟರಿಗೆ ಹತ್ತಿರ ಹತ್ತಿರ 3000 ಬೇಕು. ಸ್ನಾಯು ಮತ್ತೆ ಲಿವರಲ್ಲಿ ಕೂಡಿಟ್ಟಿರೋ ಗ್ಲೈಕೋಜನ್, ಅಂದ್ರೆ ಸಕ್ಕರೆಯ ದಾಸ್ತಾನು, ಕೊಡೋದು ಸುಮಾರು 2000, ಉಳಿದಿದ್ದು ಕೊಬ್ಬಿಂದ ಬರ್ಬೇಕು. ಆದ್ರೆ ಜೋರಾಗಿ ಓಡಿದಷ್ಟೂ ದೇಹ ಕೊಬ್ಬನ್ನ ಬಿಟ್ಟು ಗ್ಲೈಕೋಜನ್ನೇ ಹೆಚ್ಚು ಉರಿಸತ್ತೆ, ಕೊಬ್ಬು ಉರಿಯೋದು ನಿಧಾನ. ಅಂದ್ಕೊಂಡಿದ್ದಕ್ಕಿಂತ ಫಾಸ್ಟ್ ಆಗಿದ್ದೆ ಅಂತ ಖುಷಿಯಿಂದ ಬರ್ದಿದೀರಲ್ಲ, 32ರಲ್ಲಿ ಆಗಿದ್ದಕ್ಕೆ ಕಾರಣ ಅದೇ ಸಾಲಲ್ಲಿದೆ. ರನ್ನರ್‌ಗಳು ವಾಲ್ ಹೊಡೀತು ಅನ್ನೋದು ಇದಕ್ಕೇ. ಅಳು ಬಂದಿದ್ದೂ ಇದಕ್ಕೆ ಸೇರಿದ್ದೇ ಇರ್ಬೇಕು, ಲಿವರಲ್ಲಿರೋದು ಮುಗಿದ್ರೆ ರಕ್ತದ ಸಕ್ಕರೆ ಇಳಿಯತ್ತೆ, ಮಿದುಳಿಗೂ ಉಪವಾಸ, ಆಗ ಎಂಥ ಗಟ್ಟಿಗರ ಕಣ್ಣಲ್ಲೂ ನೀರು ಬರತ್ತೆ.

ಮುಂದಿನ ಸಲ ಮೊದಲ 10 ಕಿಲೋಮೀಟರ್ ಇದೇನು ಇಷ್ಟು ನಿಧಾನ ಅಂತ ಬೋರ್ ಆಗೋ ಹಾಗೆ ಓಡಿ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗ್ಬೇಕು, ಖರ್ಜೂರ ಆಗ್ಬಹುದು, ಬಾಳೆಹಣ್ಣು ಆಗ್ಬಹುದು, ಜೆಲ್ ಆಗ್ಬಹುದು, ಆದ್ರೆ ಅದನ್ನ ಭಾನುವಾರದ ಲಾಂಗ್ ರನ್‌ಗಳಲ್ಲೇ ತಿಂದು ಅಭ್ಯಾಸ ಮಾಡ್ಕೊಳ್ಳಿ, ರೇಸ್ ದಿನ ಹೊಸದೇನೂ ಬೇಡ.

ಮುಜುಗರದ ಬಗ್ಗೆ ಹೇಳೋದಾದ್ರೆ, ಮೇಲೆ ಹೇಳಿದ ಅದೇ ಕಿಪ್ಚೋಗೆ 2024ರ ಪ್ಯಾರಿಸ್ ಒಲಿಂಪಿಕ್ಸಲ್ಲಿ 30 ಕಿಲೋಮೀಟರ್ ದಾಟಿದ ಮೇಲೆ ಓಡೋದು ನಿಲ್ಲಿಸಿ ನಡೆದ್ರು, ಆಮೇಲೆ ರೇಸನ್ನೇ ಬಿಟ್ರು. ಅಲ್ಲಿಗೆ ಬರೋವಾಗ ಅವರ ಹತ್ರ ಎರಡು ಒಲಿಂಪಿಕ್ ಮ್ಯಾರಥಾನ್ ಚಿನ್ನ ಇತ್ತು. ನೀವು ಹತ್ತು ಕಿಲೋಮೀಟರ್ ಬಿಸಿಲಲ್ಲಿ, ಖಾಲಿ ಹೊಟ್ಟೇಲಿ, ಪಕ್ಕದಿಂದ ಎಲ್ಲರೂ ದಾಟ್ಕೊಂಡು ಹೋಗೋದನ್ನ ನೋಡ್ತಾ ನಡೆದು ಮುಗಿಸಿದೀರಿ. ಬೀರುವಿಂದ ಹೊರಗೆ ತೆಗೀರಿ ಮೊದ್ಲು.

ಪ್ರಶ್ನೆ: ವಯಸ್ಸು 55, ಶುಗರ್ ಮಾತ್ರೆ ತಗೊಳ್ತೇನೆ. ನಮ್ಮೂರಿನ ಸೆಕೆಯಲ್ಲಿ ಓಡುವಾಗ ನೀರು ಎಷ್ಟು ಕುಡೀಬೇಕು ಮಾರಾಯ್ರೇ? ಒಬ್ಬೊಬ್ರು ಒಂದೊಂದು ಹೇಳ್ತಾರೆ.
– ಓದುಗರು, ಮಂಗಳೂರು

ಉತ್ತರ: ಬಾಯಾರಿಕೆ ಆದಾಗ ಕುಡೀರಿ, ಅಷ್ಟೇ. ಬಲವಂತಕ್ಕೆ ಲೀಟರ್‌ಗಟ್ಟಲೆ ಕುಡಿದ್ರೆ ರಕ್ತದಲ್ಲಿ ಸೋಡಿಯಂ ಇಳಿಯತ್ತೆ, ಅದು ನೀರು ಕಮ್ಮಿ ಆಗೋದಕ್ಕಿಂತ ಅಪಾಯ ಆಗ್ಬಹುದು. 2002ರ ಬಾಸ್ಟನ್ ಮ್ಯಾರಥಾನ್ ಮುಗಿದಾಗ 488 ಜನರ ರಕ್ತ ಪರೀಕ್ಷೆ ಮಾಡಿದ್ರೆ ಶೇಕಡ 13 ಮಂದಿಗೆ ಸೋಡಿಯಂ ಕಮ್ಮಿ ಇತ್ತು. ಕರಾವಳಿಯ ತೊಂದ್ರೆ ಬರೀ ಬಿಸಿಲಲ್ಲ, ಗಾಳೀಲಿ ತೇವ ಜಾಸ್ತಿ ಇರೋದ್ರಿಂದ ಬೆವರು ಆರಲ್ಲ, ಬೆವರು ಆರದಿದ್ರೆ ಮೈ ತಂಪಾಗಲ್ಲ, ಹಾಗಾಗಿ ಬೆಂಗಳೂರಿನ ನೆಂಟರ ಪೇಸ್ ಜೊತೆ ನಿಮ್ಮದನ್ನ ಹೋಲಿಸ್ಲೇಬೇಡಿ. ಮಾತ್ರೆ ತಗೊಂಡು ಓಡಿದ್ರೆ ಶುಗರ್ ತೀರಾ ಇಳಿಯೋ ಸಾಧ್ಯತೆ ಇದೆಯಾ ಅಂತ ನಿಮ್ಮ ಡಾಕ್ಟರನ್ನ ಕೇಳಿ, ಜೇಬಲ್ಲಿ ನಾಲ್ಕು ಗ್ಲೂಕೋಸ್ ಮಾತ್ರೆ ಇರ್ಲಿ.

ಪ್ರಶ್ನೆ: ಮಗ ಡಿಗ್ರಿ ಓದ್ತಾ ಇದಾನೆ, ಕಾಲೇಜಲ್ಲಿ 10 ಸಾವಿರ ಮೀಟರ್ ಓಡ್ತಾನೆ. ಹದಿನೈದು ಸಾವಿರದ ಶೂ ಬೇಕು ಅಂತಾನೆ. ನಮ್ದು ಶುಂಠಿ, ಜೋಳದ ಬೇಸಾಯ. ಹಿಂದಿನವರು ಬರಿಗಾಲಲ್ಲೇ ಓಡ್ತಿದ್ರಂತಲ್ಲ?
– ಓದುಗರು, ಹಾಸನ ಜಿಲ್ಲೆ

ಉತ್ತರ: ಓಡಿದಾರೆ ಯಜಮಾನ್ರೇ. ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರಲ್ಲಿ ರೋಮ್‌ನ ರಸ್ತೇಲಿ ಬರಿಗಾಲಲ್ಲೇ ಓಡಿ ಒಲಿಂಪಿಕ್ ಚಿನ್ನ ಗೆದ್ರು. ಬರಿಗಾಲಲ್ಲಿ ಓಡ್ತಿದ್ದ ನಮ್ಮ ಶಿವನಾಥ್ ಸಿಂಗ್ 1976ರ ಮಾಂಟ್ರಿಯಲ್ ಒಲಿಂಪಿಕ್ ಮ್ಯಾರಥಾನ್‌ನಲ್ಲಿ 11ನೇಯವರಾದ್ರು, 1978ರಲ್ಲಿ ಜಲಂಧರ್‌ನಲ್ಲಿ 2 ಗಂಟೆ 12 ನಿಮಿಷದ ದಾಖಲೆ ಮಾಡಿದ್ರು, ಅದನ್ನ 40 ವರ್ಷ ಕಳೆದ್ರೂ ಭಾರತದ ಇನ್ನೊಬ್ರ ಕೈಲಿ ಮುರಿಯೋಕಾಗ್ಲಿಲ್ಲ. ಆದ್ರೆ ಇದನ್ನ ಮಗನಿಗೆ ಬೈಯೋಕೆ ಉಪಯೋಗಿಸ್ಬೇಡಿ, ಈಗ ಓಡೋದು ಡಾಂಬರ್ ಮೇಲೆ, ಗಾಜಿನ ಚೂರಿನ ಮೇಲೆ. ಹದಿನೈದು ಸಾವಿರದ್ದೂ ಬೇಡ, ಅದ್ರಲ್ಲಿ ಅರ್ಧಕ್ಕೂ ಕಮ್ಮೀಲಿ ದಿನನಿತ್ಯದ ಓಟಕ್ಕೆ ಒಳ್ಳೇ ಶೂ ಸಿಗತ್ತೆ. ಉಳಿದ ದುಡ್ಡು ಮೊಟ್ಟೆ, ಹಾಲು, ಕಡಲೆಕಾಯಿಗೆ ಹೋಗ್ಲಿ. ಆ ವಯಸ್ಸಲ್ಲಿ ಓಡೋ ಹುಡುಗ್ರು ಎಷ್ಟೋ ಜನ ಹಿಂದೆ ಬೀಳೋದು ಶೂ ಇಲ್ದೆ ಅಲ್ಲ, ಹೊಟ್ಟೆಗೆ ಸಾಲದೆ. ಒಂದಿನ ಗ್ರೌಂಡಿಗೆ ಹೋಗಿ ಅವನು 25 ಸುತ್ತು ಓಡೋದನ್ನ ಪೂರ್ತಿ ನೋಡಿ ಬನ್ನಿ, ಆಮೇಲೆ ಇಬ್ರೂ ಕೂತು ರೇಟ್ ಮಾತಾಡಿ.

ಪ್ರಶ್ನೆ: ನಾನು ರನ್ನರ್ ಅಲ್ಲ, ಕಾಲೇಜಿಂದ ವಾಲಂಟಿಯರ್ ಆಗಿ ಹೋಗಿದ್ದೆ. ರಾತ್ರಿ ಮೂರಕ್ಕೆ ಬಂದು ನೀರಿನ ಟೇಬಲ್ ಹಾಕಿದ್ವಿ. ಓಡೋರು ಕಪ್ ಕಸ್ಕೊಂಡು ಎರಡು ಗುಟುಕು ಕುಡ್ದು ನಮ್ಮ ಕಾಲ ಬುಡಕ್ಕೇ ಎಸೆದು ಹೋದ್ರು. ಕೊನೆಗೆ ಪೌರಕಾರ್ಮಿಕರ ಜೊತೆ ನಾವೇ ಗುಡಿಸಿದ್ವಿ. ಇವರೇನಾ ಲೈಫ್ ಲೆಸನ್ ಅಂತೆಲ್ಲ ಪೋಸ್ಟ್ ಹಾಕೋರು?
– ಓದುಗಿ, ಮೈಸೂರು

ಉತ್ತರ: ಈ ತಿಂಗಳ ಪತ್ರಗಳಲ್ಲಿ ನಂಗೆ ತುಂಬಾ ಇಷ್ಟ ಆಗಿದ್ದು ಇದು ಕಣಮ್ಮ. 2019ರ ಅಕ್ಟೋಬರ್ 12ಕ್ಕೆ ವಿಯೆನ್ನಾದಲ್ಲಿ ಒಬ್ಬ ಮನುಷ್ಯ ಎರಡು ಗಂಟೆ ಒಳಗೆ ಮ್ಯಾರಥಾನ್ ಓಡ್ದ ಅಂತ ಲೋಕ ಕುಣೀತಲ್ಲ, ಹೌದು, ಮತ್ತೆ ಕಿಪ್ಚೋಗೆನೇ, 1 ಗಂಟೆ 59 ನಿಮಿಷ 40 ಸೆಕೆಂಡ್. ಗಾಳಿ ತಾಗದ ಹಾಗೆ ಸರದಿ ಮೇಲೆ ಅವರನ್ನ ಸುತ್ತುವರಿದು ಓಡಿದ ಪೇಸ್‌ಮೇಕರ್‌ಗಳು 41 ಜನ, ಅವರಲ್ಲಿ ಒಲಿಂಪಿಕ್ ಮೆಡಲ್ ಗೆದ್ದವ್ರೂ ಇದ್ರು. ಮುಂದೆ ಕಾರು, ಪಕ್ಕದಲ್ಲಿ ಸೈಕಲ್ ಮೇಲಿಂದ ಕುಡಿಯೋಕೆ ಕೊಡೋರು. ಇಷ್ಟೆಲ್ಲ ಸಹಾಯ ಇತ್ತು ಅಂತಲೇ ಅದು ವಿಶ್ವದಾಖಲೆ ಪಟ್ಟಿಗೆ ಸೇರ್ಲಿಲ್ಲ. ಆ 41ರಲ್ಲಿ ನಾಲ್ಕು ಹೆಸರು ಹೇಳಿ ಅಂದ್ರೆ ನಮ್ಮ ರನ್ನಿಂಗ್ ಗ್ರೂಪಲ್ಲಿ ಬಹಳ ಜನ ತಲೆ ಕೆರ್ಕೋತಾರೆ.

ಓಡೋರಿಗೆ ಹೇಳ್ತೀನಿ, ಕಪ್ಪನ್ನ ಡಬ್ಬಿಗೆ ಹಾಕೋಕೆ ಎರಡು ಸೆಕೆಂಡ್ ಹೋಗತ್ತೆ, ನಾಲ್ಕೂವರೆ ಗಂಟೆ ಓಡೋ ನಮ್ಗೆ ಎರಡು ಸೆಕೆಂಡಿಂದ ಯಾವ ಒಲಿಂಪಿಕ್ಸೂ ತಪ್ಪಲ್ಲ. ನಿಮ್ಗೊಂದು ಉಪಾಯ ಹೇಳ್ತೀನಿ, ಮುಂದಿನ ಸಲ ಹೋದ್ರೆ ಆಯೋಜಕರಿಗೆ ಹೇಳಿ ಕಸದ ಡಬ್ಬಿಗಳನ್ನ ಟೇಬಲ್ ಪಕ್ಕ ಇಡಿಸ್ಬೇಡಿ, ಐವತ್ತು ಮೀಟರ್ ಮುಂದೆ ಒಂದು, ನೂರು ಮೀಟರ್ ಮುಂದೆ ಇನ್ನೊಂದು ಇಡ್ಸಿ, ಕುಡಿದು ಮುಗಿಯೋದು ಅಲ್ಲಿಗೆ. ಎಲ್ಲರೂ ಮೊದಲ ಟೇಬಲ್‌ಗೇ ಮುಗಿಬೀಳ್ತಾರೆ, ಕೊನೇ ಟೇಬಲ್ ಖಾಲಿ ಹೊಡೀತಿರತ್ತೆ, ಅದಕ್ಕೆ ಒಬ್ರು ಮೊದಲ ಟೇಬಲ್ ಹತ್ರ ನಿಂತು ಮುಂದೆ ಇನ್ನೂ ಟೇಬಲ್ ಇದೆ ಅಂತ ಕೂಗ್ತಿರ್ಬೇಕು. ಕಪ್ ಅರ್ಧ ಮಾತ್ರ ತುಂಬಿಸಿ.

ಮೊಣಕಾಲಿನ ಪ್ರಶ್ನೆಗಳು ರಾಶಿ ಬಿದ್ದಿವೆ, ಮುಂದಿನ ಸಂಚಿಕೆಯಲ್ಲಿ ತಗೋತೀನಿ. ದಯವಿಟ್ಟು ಎಕ್ಸ್‌ರೇ ಫೋಟೋ ಕಳಿಸ್ಬೇಡಿ, ನಾನು ಡಾಕ್ಟರ್ ಅಲ್ಲ.