‘ಅಕ್ಕನ ಸಿಟ್ಟು’ ಬರೆದ ತಂಗಿಗೆ

ನಿಮ್ಮ ಲೇಖನ ಬಂತು. ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ (ಭಾವನೆಗಳು ಹಿಡಿತಕ್ಕೆ ಸಿಗದ ಮಾನಸಿಕ ಕಾಯಿಲೆ) ಇರುವ, ಆಳಂದದಲ್ಲಿರುವ ಅಕ್ಕನನ್ನು ನೋಡಿಕೊಳ್ಳುವ ಬಗ್ಗೆ ಬರೆದಿದ್ದೀರಿ. ನಮ್ಮ ಕಲಬುರಗಿ ಕಡೆ ಇಂಥದ್ದನ್ನು ಮನೆಯೊಳಗೇ ಮುಚ್ಚಿಡುತ್ತಾರೆ. ನೀವು ಬರೆದಿರಿ, ಸಂತೋಷ. ಭಾಷೆಯೂ ಸರಳವಾಗಿದೆ.

ಆದರೆ ಎರಡನೇ ಪುಟ ಓದಿ ಕಸಿವಿಸಿಯಾಯಿತು. ‘ಅಕ್ಕನಿಗೆ ಒಂದು ಮಿತಿ ಹಾಕಿದೆ. ಇನ್ನೊಮ್ಮೆ ಹಿಂಗ ಮಾಡಿದ್ರ ನಿನ್ನ ಮಾರಿ ನೋಡಂಗಿಲ್ಲ ಅಂದೆ.’ ಇದು ಬೆದರಿಕೆ ಅಲ್ವಾ? ನಮ್ಮವರು ಕೈಬಿಟ್ಟು ಹೋಗುತ್ತಾರೆ ಅನ್ನುವ ಭಯ ಈ ಕಾಯಿಲೆಯ ದೊಡ್ಡ ಲಕ್ಷಣ. ನೀವು ಸರಿಯಾಗಿ ಅಲ್ಲೇ ಚುಚ್ಚಿದ್ದೀರಿ.

ಮುಂದಿನ ಸಾಲು: ‘ಹನ್ನೆರಡು ಸಲ ಫೋನ್ ಎತ್ತಲಿಲ್ಲ. ಹದಿಮೂರನೇ ಸಲ ಎತ್ತಿ ಸಮಾಧಾನ ಮಾಡಿದೆ.’ ಹಾಗಾದರೆ ಅಕ್ಕ ಕಲಿತದ್ದೇನು? ಹದಿಮೂರು ಸಲ ಮಾಡಿದರೆ ತಂಗಿ ಎತ್ತುತ್ತಾಳೆ ಅಂತ. ನೀವು ಅದನ್ನು ‘ಪ್ರೀತಿ ಗೆದ್ದಿತು’ ಅಂತ ಮುಗಿಸಿದ್ದೀರಿ.

ಅದರ ಬದಲು ಹೀಗೆ ಹೇಳಿ: ‘ರಾತ್ರಿ ಹತ್ತರ ಮ್ಯಾಲ ಫೋನ್ ಎತ್ತಂಗಿಲ್ಲ ಅಕ್ಕಾ, ಮುಂಜಾನೆ ಏಳಕ್ಕ ನಾನೇ ಮಾಡ್ತೀನಿ.’ ಮಿತಿ ಅಂದರೆ ಇಷ್ಟು. ನೀವೇನು ಮಾಡುತ್ತೀರಿ ಅನ್ನುವುದು ಅದರಲ್ಲಿರಬೇಕು. ಜಗಳದ ನಡುವೆ ಹೇಳಬೇಡಿ, ಆಕೆ ಸಮಾಧಾನವಾಗಿದ್ದಾಗ ಹೇಳಿ. ಏಳಕ್ಕೆ ಫೋನ್ ಮಾಡಲೇಬೇಕು. ಶುರುವಿನಲ್ಲಿ ಅಕ್ಕನ ಸಿಟ್ಟು ಇನ್ನೂ ಜಾಸ್ತಿ ಆಗಬಹುದು, ಅದನ್ನೂ ಬರೆಯಿರಿ.

ಸಾಯುವ ಮಾತು ಬಂದರೆ ಈ ಮಿತಿ ನಡೆಯುವುದಿಲ್ಲ. ಅದನ್ನು ನೀವು ‘ನಾಟಕ’ ಅಂದಿದ್ದೀರಿ, ಆ ಪದ ಹೊಡೆದು ಹಾಕಿದ್ದೇನೆ. ಪ್ರತಿ ಸಲವೂ ನಿಜವೆಂದೇ ತಿಳಿಯಬೇಕು. ಹತ್ತಿರ ಇರುವವರನ್ನು ಕೂಡಲೇ ಕಳಿಸಬೇಕು, ಆಸ್ಪತ್ರೆಗೆ ಕರೆದೊಯ್ಯಬೇಕು. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಇದು ಲೇಖನದಲ್ಲಿ ಇರಲೇಬೇಕು.

ನಾನು ಇಲ್ಲಿಯ ಒಂದು ದಿನಪತ್ರಿಕೆಯಲ್ಲಿ ಪ್ರೂಫ್ ತಿದ್ದುತ್ತ ಕೆಲಸ ಕಲಿತವನು. ಅಲ್ಲಿದ್ದ ಹಿರಿಯರೊಬ್ಬರು ‘ಯಾವಾಗಲೂ’ ಅನ್ನುವ ಪದ ಕಂಡ ಕೂಡಲೇ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಿದ್ದರು. ಪಕ್ಕದಲ್ಲಿ ‘ಯಾವತ್ತು? ಎಷ್ಟೊತ್ತಿಗೆ? ಯಾರು ನೋಡ್ಯಾರ?’ ಅಂತ ಬರೆಯುತ್ತಿದ್ದರು. ಫ್ಯಾನೂ ಬಿಸಿಗಾಳಿ ಬೀಸುವ ಬೇಸಿಗೆಯ ಮಧ್ಯಾಹ್ನ, ಜೇವರ್ಗಿಯಿಂದ ಬಂದ ವರದಿಗಾರನನ್ನು ಆ ಒಂದು ಪದಕ್ಕಾಗಿ ವಾಪಸ್ ಕಳಿಸಿದ್ದು ನೋಡಿದ್ದೇನೆ.

ನಿಮ್ಮ ಮೂರನೇ ಪುಟದಲ್ಲಿ ‘ಇಂಥವರು ಯಾವಾಗಲೂ ಹೀಗೇ, ಬದಲಾಗುವುದಿಲ್ಲ’ ಅಂತಿದೆ. ಯಾರು ನೋಡಿದ್ದಾರೆ? ಈ ಕಾಯಿಲೆಗೆ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಅನ್ನುವ ಮಾತಿನ ಚಿಕಿತ್ಸೆ ರೂಪಿಸಿದ ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲೈನ್‌ಹಾನ್ ಹದಿಹರೆಯದಲ್ಲಿ ತಾವೇ ಇಂಥ ಸಂಕಟದಿಂದ ಆಸ್ಪತ್ರೆ ಸೇರಿದ್ದವರು. 2011ರಲ್ಲಿ ಅದನ್ನು ಎಲ್ಲರೆದುರು ಹೇಳಿಕೊಂಡರು. ವರ್ಷಗಳು ಕಳೆದಂತೆ ಎಷ್ಟೋ ಜನರಿಗೆ ಲಕ್ಷಣಗಳು ಇಳಿಯುತ್ತವೆ.

ಇಡೀ ಲೇಖನದಲ್ಲಿ ಅಕ್ಕ ಕಿರುಚುತ್ತಾಳೆ, ಸಾಮಾನು ಒಗೆಯುತ್ತಾಳೆ. ಒಂದೇ ಕಡೆ, ಹಬ್ಬಕ್ಕೆ ಬಂದಾಗ ರೊಟ್ಟಿ ಬಡಿಯುತ್ತ, ‘ನಾ ಹಿಂಗ್ಯಾಕ ಇದ್ದೀನಿ, ನನಗೂ ತಿಳಿಯಂಗಿಲ್ಲ’ ಅನ್ನುತ್ತಾಳೆ. ಆ ಸಾಲನ್ನು ನಾನು ಮತ್ತೆ ಓದಿದೆ. ನೀವು ಅದನ್ನು ಸುಮ್ನೆ ದಾಟಿಬಿಟ್ಟಿದ್ದೀರಿ. ಅಲ್ಲಿ ನಿಲ್ಲಿ. ನೀವೇನಂದಿರಿ? ಆಮೇಲೆ ಏನಾಯ್ತು? ಅದನ್ನು ಬರೆಯಿರಿ.

ತಿದ್ದಿ ಕಳಿಸಿ. ಅದಕ್ಕೂ ಮೊದಲು ಅಕ್ಕನಿಗೆ ಓದಿ ಹೇಳಿ ಒಪ್ಪಿಗೆ ಕೇಳಿ. ಆಕೆ ಬೇಡ ಅಂದರೆ ನಾನು ಅಚ್ಚು ಹಾಕುವುದಿಲ್ಲ.