ಅಕ್ಕಿ ಅರೆದವರ ಚಿತ್ತಾರ

ಪತ್ರ: ಶಿವಮೊಗ್ಗದಲ್ಲಿ ಯುವ ಕಲಾವಿದೆಯೊಬ್ಬರ ಪ್ರದರ್ಶನ ನೋಡಿದೆ. ಗೋಡೆ ತುಂಬ ಕಡುಬು, ಎಳೆಬಿದಿರಿನ ಕಳಲೆ, ಕೆಸುವಿನೆಲೆಯ ಪತ್ರೊಡೆ. ಕೆಸುವನ್ನು ಮರದ ಕೊಂಬೆಯ ಮೇಲೆ ಬರೆದಿದ್ದಾರೆ! ಉಣ್ಣುವುದನ್ನು ಬರೆದು ಅಸ್ಮಿತೆ ಎಂದರಾಯಿತೇ? ಗೋಡೆಗೆ ಬರೆಯುವ ನಮ್ಮ ಹಸೆ ಚಿತ್ತಾರದಂಥ ಶುದ್ಧ ಕಲೆ ಇರುವಾಗ ಇದೇಕೆ? - ಓದುಗರೊಬ್ಬರು, ಸಾಗರ

ಉತ್ತರ: ಬಾಳೆಎಲೆ ಬರೆದ ಮಾತ್ರಕ್ಕೆ ಊರಿನ ಗುರುತು ಮೂಡುವುದಿಲ್ಲ, ಆ ಮಾತು ಒಪ್ಪಿದೆ. ಆದರೆ ಸಾಗರದವರಾಗಿ ನೀವು ಮರಗೆಸುವನ್ನು ಮರೆಯಬಹುದೇ? ಮಳೆ ಹಿಡಿದ ಮೇಲೆ ಪಾಚಿಗಟ್ಟಿದ ಕೊಂಬೆಗಳಲ್ಲಿ ಏಳುವ ಕೆಸು ಅದು. ಮಳೆಗಾಲದ ಪತ್ರೊಡೆಗೆ ಅದರ ಎಲೆಯೆಂದರೆ ನಮ್ಮವರಿಗೆ ಜೀವ. ಚಿತ್ರದಲ್ಲಿ ಹಿಟ್ಟು ಸವರಿರುವುದು ಎಲೆಯ ಬೆನ್ನಿಗೆ, ಪಕ್ಕದಲ್ಲೇ ಹುಣಸೆಹಣ್ಣಿನ ಉಂಡೆ ಇದೆ. ಹುಳಿ ಕಡಿಮೆಯಾದರೆ ಕೆಸುವಿನೊಳಗಿನ ಆಕ್ಸಲೇಟ್ ಸೂಜಿಗಳು ಗಂಟಲು ತುರಿಸುತ್ತವೆ. ಇದು ಒಲೆಯ ಮುಂದೆ ಕೂತು ಕಲಿತವರ ಕೈ. ಬಿಹಾರದ ಸುಬೋಧ್ ಗುಪ್ತಾ ಸ್ಟೀಲ್ ತಟ್ಟೆ, ಲೋಟಗಳನ್ನು ಪೇರಿಸಿ ಶಿಲ್ಪ ಮಾಡಿದಾಗ ಜಗತ್ತು ತಲೆದೂಗಿತು. ನಮ್ಮ ಹುಡುಗಿ ಕಳಲೆ ಬರೆದರೆ ಮಾತ್ರ ಮುಜುಗರವೇಕೆ?

ಇನ್ನು ನಿಮ್ಮ ಹಸೆ ಚಿತ್ತಾರ. ಅದರ ಬಣ್ಣ ಬಂದದ್ದೇ ಅಡುಗೆಮನೆಯಿಂದ. ಮಲೆನಾಡಿನ ದೀವರ ಸಮುದಾಯದ ಹೆಂಗಸರು ಮೊದಲು ಗೋಡೆಗೆ ಕೆಮ್ಮಣ್ಣು ಬಳಿದು ಒಣಗಿಸುತ್ತಾರೆ. ಬಿಳಿಗೆ ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆಯಬೇಕು. ತರಿ ಉಳಿದರೆ ಪುಂಡಿನಾರಿನ ಕುಂಚದಲ್ಲಿ ಎಳೆ ಕಡಿಯುತ್ತದೆ, ಹಿಟ್ಟು ದಪ್ಪವಾದರೆ ಒಣಗಿ ಚಕ್ಕೆ ಏಳುತ್ತದೆ, ತೆಳುವಾದರೆ ಕೆಂಪಿನ ಮೇಲೆ ಇಳಿದುಹೋಗುತ್ತದೆ. ಕಪ್ಪಿಗೂ ಅಕ್ಕಿಯೇ. ಪೂರಾ ಸೀದು ಕರಕಾಗುವವರೆಗೆ ಹುರಿದು, ನೆನೆಸಿ, ಅರೆಯುತ್ತಾರೆ. ಅರೆಬರೆ ಹುರಿದರೆ ಕಂದು ಬಣ್ಣವೇ ಗತಿ. ಹಳದಿ ಗುರಿಗೆ ಕಾಯಿಯದು. ಭೂಮಿ ಹುಣ್ಣಿಮೆ ಹಬ್ಬದ ಬುಟ್ಟಿಗೂ ಇದೇ ಕೆಮ್ಮಣ್ಣು, ಇದೇ ಅಕ್ಕಿಹಿಟ್ಟಿನ ಗೆರೆ. ಅದರೊಳಗೆ ಹೊಲಕ್ಕೆ ಹೋಗುವುದು ಕಡುಬು, ಬೆರಕೆ ಸೊಪ್ಪು: ತೆನೆಗಟ್ಟುವ ಬಸುರಿ ಪೈರಿಗೆ ಬಯಕೆಯೂಟ. ಚಿತ್ರ ಯಾವುದು, ಊಟ ಯಾವುದು ಎಂದು ಆ ಬುಟ್ಟಿಯ ಮುಂದೆ ನಿಂತು ಬೇರ್ಪಡಿಸಿ ನೋಡಿ.

ನನಗೆ ನೋವಾಗುವುದು ಬೇರೆ ಕಡೆ. ಸರ್ಕಾರಿ ಕಾಂಪೌಂಡಿಗೆ, ರೆಸಾರ್ಟಿನ ಊಟದ ಮನೆಗೆ ಎನಾಮೆಲ್ ಪೇಂಟಿನಲ್ಲಿ ಅಚ್ಚಿಟ್ಟು ಚಿತ್ತಾರ ಬಳಿಯುತ್ತಾರೆ. ಅಲ್ಲಿ ಅಕ್ಕಿಯೂ ಇಲ್ಲ, ಪುಂಡಿನಾರೂ ಇಲ್ಲ, ಆ ಗೆರೆಗಳನ್ನು ಕಾಪಾಡಿಕೊಂಡು ಬಂದ ಹೆಂಗಸರ ಹೆಸರಂತೂ ಇಲ್ಲವೇ ಇಲ್ಲ. ಒಳಗೆ 'ಮಲೆನಾಡ ಥಾಲಿ' ಬಡಿಸುತ್ತಾರೆ, ಕಳಲೆ ಡಬ್ಬಿಯದು. ಎರಡು ಮೂರು ದಿನ ನೀರು ಬದಲಿಸಿ ವಿಷ, ಕಹಿ ತೆಗೆಯುವ ವ್ಯವಧಾನ ಯಾರಿಗಿದೆ? ಮುಂದಿನ ಪತ್ರವನ್ನು ಇದರ ಬಗ್ಗೆ ಬರೆಯಿರಿ. ಇಡೀ ಪುಟ ನಿಮಗೇ ಬಿಡುತ್ತೇವೆ.

- ಸಂಪಾದಕ